ಮಾವ ತುಂಬಿಸಿಕೊಟ್ಟ ಕ್ಯಾನ್

ಬುಧವಾರ, ಜೂನ್ 18. ದೊಡ್ಡಗಾಜನೂರು.

ನನ್ನ ಟರ್ಬೊ ಕಾರಿಗೆ ದೊಡ್ಡ ಪೆಟ್ರೋಲ್ ಪಂಪು, ಹೊಸ ಇಂಜೆಕ್ಟರ್ ಹಾಕಿ ಇವತ್ತು ತಾಳಮಲೆ ರಸ್ತೆಗೆ ಬಿಟ್ಟರೆ ನೀಲಿ ಹೊಗೆ, ಏರಿನಲ್ಲಿ ಕಟಕಟ ಸದ್ದು. ನನ್ನ ಕೆಲಸವೇ ಕೆಟ್ಟಿತೆಂದು ಇಂಜೆಕ್ಟರುಗಳನ್ನು ಎರಡು ಸಲ ಬಿಚ್ಚಿದೆ. ಕೊನೆಗೆ ಟ್ಯಾಂಕಿನ ಪೆಟ್ರೋಲ್ ಬೆರಳಿಗೆ ಹಚ್ಚಿಕೊಂಡರೆ ಜಿಡ್ಡು!

ಕಾರಿಗೆಂದು ಇಟ್ಟಿದ್ದ ಪೆಟ್ರೋಲ್ ಕ್ಯಾನನ್ನು ಮೊನ್ನೆ ಪುಟ್ಟಬಸಪ್ಪ ಮಾವ ಕಳೆ ಕೊಯ್ಯುವ ಮಿಷನ್ನಿಗೆ ಒಯ್ದು, ನಿನ್ನೆ ತುಂಬಿಸಿ ತಂದಿಟ್ಟಿದ್ದರು. ನೋಡದೆ ಟ್ಯಾಂಕಿಗೆ ಸುರಿದವನು ನಾನು.

ಕೇಳಿದರೆ, "ಇಸ್ಕೊಂಡಂಗೇ ಕೊಡಕ್ಕಾಯ್ತದಾ? ಒಂದು ಕೈ ಮೇಲಾಗ್ಲಿ ಅಂತ ಮಿಷನ್‌ಗೆ ಆಕೋ ಆಯಿಲ್‌ನೂ ಬೆರೆಸಿವ್ನಿ ಕಣಪ್ಪ" ಅಂದರು.

ನಾಳೆ ಟ್ಯಾಂಕು ಪೂರ್ತಿ ಖಾಲಿ ಮಾಡಬೇಕು ಅಂದೆ.

ಹೊರಟ ಮಾವ ತಿರುಗಿ ನಿಂತು, "ಅದ ಚೆಲ್‌ಬ್ಯಾಡ, ನಮ್ ಮಿಷನ್‌ಗೆ ಆಯ್ತದೆ. ಕ್ಯಾನ್ ತುಂಬಿಸೇ ವಾಪಸ್ ಕೊಡ್ತೀನಿ" ಅಂದರು.

ಥೂ, ನಾನೂ ಹೂಂ ಅಂದುಬಿಟ್ಟೆ.