ಪರೀಕ್ಷೆಯ ನಡುವೆ ಕಿತ್ತ ಕೇಬಲ್

ಹೆಣ್ಣುಮಕ್ಕಳ ಹಾಸ್ಟೆಲ್, ಹುಣಸೂರು
ಗುರುವಾರ, 8 ಜನವರಿ 2026

ಪ್ರೀತಿಯ ಅವ್ವಾ,

ಹೇಗಿದ್ದೀಯ? ಬೆರಳಿನ ಬಿರುಕು ವಾಸಿಯಾಯಿತಾ? ಹೋದ ಸಲ ಕೊಟ್ಟ ಮುಲಾಮು ನೀನು ಹಚ್ಚಿಕೊಂಡಿರುವುದಿಲ್ಲ, ಪಕ್ಕದ ಲೈನ್ ಮನೆಯವರಿಗೆ ಕೊಟ್ಟಿರುತ್ತೀಯ, ನನಗೆ ಗೊತ್ತು. ಕೊಡಗಿನ ಚಳಿಯಲ್ಲಿ ಬೆಳಗ್ಗೆ ಬೆಳಗ್ಗೆ ಒದ್ದೆ ಕಾಫಿ ಗಿಡದೊಳಗೆ ನುಗ್ಗುವಾಗ ಅಪ್ಪನ ಹಳೇ ಸ್ವೆಟರ್ ಹಾಕಿಕೋ. ಕಿತ್ತುಹೋಗಿದೆ ಅಂತ ನಾಚಿಕೆ ಪಡಬೇಡ, ಅಲ್ಲಿ ಯಾರು ನೋಡುತ್ತಾರೆ. ನಾನು ಚೆನ್ನಾಗಿದ್ದೇನೆ. ಅಂದರೆ ಜ್ವರ ಗಿರ ಏನೂ ಇಲ್ಲ. ಎರಡು ದಿನದಿಂದ ಊಟ ಸೇರುತ್ತಿಲ್ಲ, ಅಷ್ಟೇ. ಭಾನುವಾರ ನೀನು ಸಂತೆಗೆ ಇಳಿದಾಗ ಸಿಗ್ನಲ್ ಸಿಗುತ್ತೆ, ಆಗಲೇ ಹೇಳೋಣ ಅಂದುಕೊಂಡಿದ್ದೆ. ಆದರೆ ಫೋನಿನಲ್ಲಿ ನಿನ್ನ ದನಿ ಕೇಳಿದರೆ ಅತ್ತುಬಿಡುತ್ತೇನೆ, ವಿಷಯ ಅರ್ಧಕ್ಕೇ ನಿಲ್ಲುತ್ತೆ. ಅದಕ್ಕೇ ಬರೆದು, ಎಸ್ಟೇಟಿನ ಪಿಕಪ್ ಓಡಿಸುವ ದೇವರಾಜಣ್ಣನ ಕೈಗೆ ಕೊಡುತ್ತಿದ್ದೇನೆ. ನಿಧಾನವಾಗಿ ಓದು.

ಕಾಲೇಜಿನವರು ನನ್ನ ಮೇಲೆ ವಿಚಾರಣೆ ಇಟ್ಟಿದ್ದಾರೆ ಅವ್ವಾ. ಹೆದರಬೇಡ. ಕದ್ದಿಲ್ಲ, ಕಾಪಿ ಹೊಡೆದಿಲ್ಲ, ಯಾವ ಹುಡುಗನ ವಿಷಯವೂ ಅಲ್ಲ. ಒಂದು ಕೇಬಲ್ ಕಿತ್ತು ಇನ್ನೊಂದು ಕಡೆ ಹಾಕಿದೆ. ಅದು ತಪ್ಪೋ ಸರಿಯೋ ನೀನೇ ಹೇಳು, ಆದರೆ ಮೊದಲು ಪೂರ್ತಿ ಕೇಳಬೇಕು.

ನಮ್ಮ ಲ್ಯಾಬಿನಲ್ಲಿ ನಲವತ್ತು ಕಂಪ್ಯೂಟರ್ ಇವೆ. ನಾವು ಮಾಡಿದ ಕೆಲಸ ಮಾತ್ರ ಅವುಗಳಲ್ಲಿ ಉಳಿಯುವುದಿಲ್ಲ. ಎಲ್ಲರ ಫೈಲುಗಳೂ ಮೂಲೆಯ ಗಾಜಿನ ಕಪಾಟಿನಲ್ಲಿರುವ ಒಂದು ಸ್ಟೋರೇಜ್ ಪೆಟ್ಟಿಗೆಯೊಳಗೆ ಇರುತ್ತವೆ. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಪ್ರತಿಯೊಬ್ಬರ ಫೋಲ್ಡರೂ, ಚಿತ್ರ ವಿಡಿಯೋ ಎಲ್ಲ ಸೇರಿ ಐನೂರು ಎಂಬಿ, ಆ ಪೆಟ್ಟಿಗೆಯಿಂದ ಕೇಬಲ್ಲಿನಲ್ಲಿ ಹರಿದು ನಮ್ಮ ಮುಂದೆ ಬರಬೇಕು. ಆಮೇಲೆ ಕೆಲಸ ಶುರು. ನಲವತ್ತೂ ಜನ ಒಟ್ಟಿಗೆ ಕೇಳಿದರೆ ಅದಕ್ಕೆ ಅರ್ಧ ಗಂಟೆ ಬೇಕಾಗುತ್ತಿತ್ತು. ಪರೀಕ್ಷೆ ಇರುವುದೇ ಒಂದೂವರೆ ಗಂಟೆ. ಮೊದಲನೇ ಇಂಟರ್ನಲ್‌ನಲ್ಲಿ ಹನ್ನೊಂದು ಜನ ಕೆಲಸ ಮುಗಿಸಲಾರದೆ ಫೇಲಾದರು. ನನ್ನ ರೂಮ್‌ಮೇಟ್ ಸುಕನ್ಯ, ಪಿರಿಯಾಪಟ್ಟಣದವಳು, ನಮ್ಮ ಮನೆಗೆ ಬಂದಾಗ ಎರಡು ಸಲ ಸಾರು ಹಾಕಿಸಿಕೊಂಡಳಲ್ಲ, ಅವಳೂ ಒಬ್ಬಳು. ವಿಭಾಗದ ಮುಖ್ಯಸ್ಥರು ಗಂಗಾಧರಪ್ಪ ಸರ್ ಬಂದು, "ಸಿನ್ಮಾ ಆಡು ತುಂಬ್ಕೊಂಡಿದ್ದೀರಿ, ಪೆಟ್ಗೆ ಏನ್ ಮಾಡ್ತದೆ ಪಾಪ" ಅಂತ ಬೈದು, ನಮ್ಮ ಹಳೇ ಫೈಲುಗಳನ್ನೆಲ್ಲ ಅಳಿಸಿಸಿದರು. ಅಳಿಸಿದ ಮೇಲೂ ಅದು ಅಷ್ಟೇ ನಿಧಾನ.

ನನಗೆ ಅನುಮಾನ ಬಂತು. ಸೀನಿಯರ್‌ಗಳನ್ನು ಕೇಳಿದೆ. ದಸರಾಕ್ಕೆ ಮೊದಲು ಮೂರೇ ನಿಮಿಷಕ್ಕೆ ಬರುತ್ತಿತ್ತು ಅಂದರು. ಹಾಗಾದರೆ ದಸರಾದಲ್ಲಿ ಆಗಿದ್ದೇನು? ಆಯುಧಪೂಜೆ! ಲ್ಯಾಬ್ ಅಟೆಂಡರ್ ಕನಕರಾಜಣ್ಣ ಅವತ್ತು ಕಪಾಟಿನ ವೈರುಗಳನ್ನೆಲ್ಲ ಬಿಚ್ಚಿ, ಧೂಳು ಒರೆಸಿ, ಪೆಟ್ಟಿಗೆಗಳಿಗೆ ವಿಭೂತಿ ಕುಂಕುಮ ಇಟ್ಟು ಹಾರ ಹಾಕಿದ್ದರು. ಕಪಾಟಿನಲ್ಲಿ ಕೇಬಲ್ಲುಗಳು ಬಂದು ಸೇರುವ ಸ್ವಿಚ್ ಅನ್ನುವ ಪೆಟ್ಟಿಗೆಗಳು ಎರಡಿವೆ. ಹೊಸದು ಹತ್ತು ಪಾಲು ವೇಗದ್ದು, ಹಳೆಯದು ಸುಮ್ಮನೆ ಇರಲಿ ಅಂತ ಇಟ್ಟಿದ್ದು. ಸ್ಟೋರೇಜಿನ ಕೇಬಲ್ ವಾಪಸ್ ಹಾಕುವ ಹೊತ್ತಿಗೆ ಹೊಸದರ ಮೇಲೆ ಹಾರ ಇಳಿಬಿದ್ದಿತ್ತು. ಪೂಜೆಗೆ ಏರಿಸಿದ ಹಾರ ಸರಿಸಬಾರದು ಅಂತ ಕನಕರಾಜಣ್ಣ ಅದನ್ನು ಪಕ್ಕದ ಹಳೆಯದಕ್ಕೆ ಚುಚ್ಚಿದ್ದಾರೆ. ಹಾರ ಒಣಗಿ ಉದುರಿತು, ಕೇಬಲ್ ಮಾತ್ರ ಅಲ್ಲೇ ಉಳಿಯಿತು. ವೇಗ ಕಮ್ಮಿಯಿದ್ದರೆ ಅಲ್ಲೊಂದು ಕಿತ್ತಳೆ ದೀಪ ಉರಿಯುತ್ತೆ. ಅದರ ಮೇಲೆ ದಪ್ಪಗೆ ಕುಂಕುಮ ಕೂತಿದ್ದರಿಂದ ಮೂರು ತಿಂಗಳು ಯಾರಿಗೂ ಕಾಣಲಿಲ್ಲ. ನಾನು ಬೆರಳಲ್ಲಿ ಒರೆಸಿ ನೋಡಿದೆ. ಕಿತ್ತಳೆ!

ನಿನಗೆ ಇದು ನನಗಿಂತ ಚೆನ್ನಾಗಿ ಅರ್ಥವಾಗುತ್ತೆ. ನಮ್ಮೂರು ಗಾವಡಗೆರೆಯಲ್ಲಿ ಹೊಗೆಸೊಪ್ಪು ಒಣಗಿಸುವ ಬ್ಯಾರನ್ ತುಂಬುವಾಗ ಸೊಪ್ಪು ಕಟ್ಟಿದ ಕಡ್ಡಿಗಳನ್ನು ಕೈಯಿಂದ ಕೈಗೆ ಕೊಟ್ಟು ಮೇಲಕ್ಕೆ ಏರಿಸುತ್ತೀರಲ್ಲ, ಹಾಗೆ. ಕೆಳಗೆ ಹತ್ತು ಜನ ಚುರುಕಾಗಿದ್ದರೂ ಬಾಗಿಲಲ್ಲಿ ನಿಂತವನು ಒಂದೊಂದೇ ಕಡ್ಡಿ ಈಸಿಕೊಂಡರೆ ಇಡೀ ಸಾಲು ನಿಲ್ಲುತ್ತೆ. ಒಂದು ಸಲ ಯಜಮಾನರು ಹೆಂಗಸರನ್ನು ಬೈಯುತ್ತಿದ್ದಾಗ ನೀನು ಸೊಂಟದ ಮೇಲೆ ಕೈ ಇಟ್ಟು, "ಬಾಗ್ಲಲ್ ನಿಂತಿರೋನ್ನ ಬದ್ಲಾಯ್ಸಿ ಕಣ್ರೀ, ನಮ್ನ್ಯಾಕ್ ಬಯ್ತೀರಿ" ಅಂದಿದ್ದು ನನಗಿನ್ನೂ ನೆನಪಿದೆ. ಯಜಮಾನರು ಬಾಯಿ ಮುಚ್ಚಿಕೊಂಡು ತಮ್ಮ ಅಳಿಯನನ್ನೇ ಬಾಗಿಲಿಂದ ಇಳಿಸಿದರು. ನಾನು ಮಾಡಿದ್ದೂ ಅಷ್ಟೇ.

ಸುಮ್ಮನೆ ಹೋಗಿ ಕೈ ಹಾಕಲಿಲ್ಲ. ಒಂಬತ್ತು ದಿನ ವಾಚ್ ಇಟ್ಟುಕೊಂಡು ಒಂದೇ ಫೈಲನ್ನು ಮತ್ತೆ ಮತ್ತೆ ಕಾಪಿ ಮಾಡಿದೆ. ಪ್ರತಿ ಸಲವೂ ಎಂಬತ್ತು ಸೆಕೆಂಡ್. ಹೊಸ ಪೆಟ್ಟಿಗೆಯಲ್ಲಾದರೆ ಎಂಟಕ್ಕೆ ಆಗಬೇಕಾದ್ದು. ನೋಟ್‌ಬುಕ್ ಹಿಡಿದು ಮೂರು ಸಲ ಸರ್ ಹತ್ತಿರ ಹೋದೆ. ಮೂರನೇ ಸಲ ಅವರು ನೋಟ್‌ಬುಕ್ ತೆರೆಯಲೂ ಇಲ್ಲ. "ಏನಮ್ಮ, ಫಸ್ಟ್ ಇಯರ್ರು, ಪೂಜೆ ಮಾಡಿದ್ದಕ್ಕೆ ಸ್ಲೋ ಆಯ್ತು ಅಂತೀಯಾ? ಓಗಿ ಓದ್ಕೊ, ಓಗು" ಅಂದರು. ಸ್ಟಾಫ್ ರೂಮ್ ಪೂರ್ತಿ ನಕ್ಕಿತು. ಪೂಜೆಯದು ತಪ್ಪಲ್ಲ ಸರ್, ಕೇಬಲ್ಲಿನದು ಅಂತ ಹೊರಗೆ ಬಂದು ನೋಟ್‌ಬುಕ್ಕಿನಲ್ಲಿ ಬರೆದೆ.

ಮಂಗಳವಾರ ಎರಡನೇ ಇಂಟರ್ನಲ್. ಎಲ್ಲರ ಸ್ಕ್ರೀನಿನಲ್ಲೂ ಇನ್ನೂ ಇಪ್ಪತ್ತೆಂಟು ನಿಮಿಷ ಅಂತ ತೋರಿಸುತ್ತಿತ್ತು. ಪಕ್ಕದಲ್ಲಿ ಸುಕನ್ಯ ಕೀಬೋರ್ಡಿನ ಮೇಲೆ ಕೈ ಇಟ್ಟುಕೊಂಡು ಸದ್ದಿಲ್ಲದೆ ಅಳುತ್ತಿದ್ದಳು. ನಾನು ಎದ್ದೆ ಅವ್ವಾ. ಮೇಲ್ವಿಚಾರಕರು ಬಂದು ತಡೆಯುವುದರೊಳಗೆ ಕಪಾಟಿನ ಬಾಗಿಲು ತೆಗೆದೆ, ಕೇಬಲ್ ಕಿತ್ತೆ. ನಲವತ್ತು ಸ್ಕ್ರೀನೂ ಒಟ್ಟಿಗೆ ನಿಂತವು. ಹಿಂದಿನಿಂದ ಯಾರೋ, "ಲೇ ಅಕ್ಕಯ್ಯಾ, ಎಲ್ರುನೂ ಮುಳುಗುಸ್ಬುಟ್ಟಲ್ಲೇ" ಅಂತ ಕಿರುಚಿದ. ಹೊಸ ಪೆಟ್ಟಿಗೆಗೆ ಚುಚ್ಚಿದೆ. ಹತ್ತು ಸೆಕೆಂಡ್ ಏನೂ ಇಲ್ಲ. ಆ ಹತ್ತು ಸೆಕೆಂಡಿನಲ್ಲಿ ನಾನು ಎಷ್ಟು ಸಲ ಸತ್ತೆನೋ. ಆಮೇಲೆ ಹಸಿರು ದೀಪ ಬಂತು, ಕೆಲವರು ಮತ್ತೆ ಒತ್ತಿದರು, ಎಲ್ಲರ ಫೋಲ್ಡರೂ ಮೂರು ನಿಮಿಷದೊಳಗೆ ಬಂದು ಬಿದ್ದವು. ನಲವತ್ತೂ ಜನ ಪರೀಕ್ಷೆ ಮುಗಿಸಿದರು. ಮುಳುಗಿಸಿಬಿಟ್ಟೆ ಅಂದವನು ಕಾಲು ಗಂಟೆ ಮೊದಲೇ ಎದ್ದುಹೋದ.

ಸರ್ ಹೇಳುವುದೇ ಬೇರೆ. ಪರೀಕ್ಷೆಯಲ್ಲಿ ಕಾಲೇಜಿನ ಸಾಮಾನಿಗೆ ಕೈ ಹಾಕಿದ್ದು ದುರ್ನಡತೆಯಂತೆ. ತಿಳಿವಳಿಕೆಯಿಲ್ಲದೆ ಮಾಡಿದೆ, ಕ್ಷಮಿಸಿ ಅಂತ ನಾನೂ ಅಪ್ಪನೂ ಸಹಿ ಹಾಕಬೇಕಂತೆ, ಇಲ್ಲದಿದ್ದರೆ ಫೈನಲ್ ಪರೀಕ್ಷೆಗೆ ಹಾಲ್ ಟಿಕೆಟ್ ಇಲ್ಲವಂತೆ. ಅದಕ್ಕಿಂತ ಹೊಟ್ಟೆ ಉರಿಯುವುದು ಏನು ಗೊತ್ತಾ? ವಿಚಾರಣೆ ಮುಗಿಯುವವರೆಗೆ ಎಲ್ಲ ಇದ್ದ ಹಾಗೇ ಇರಬೇಕು ಅಂತ ನಿನ್ನೆ ಅವರು ನಿಂತುಕೊಂಡು ಆ ಕೇಬಲ್ಲನ್ನು ವಾಪಸ್ ಹಳೇ ಪೆಟ್ಟಿಗೆಗೇ ಹಾಕಿಸಿದರು! ತಿಳಿವಳಿಕೆಯಿಲ್ಲದೆ ಮಾಡಿದೆ ಅಂತ ನಾನು ಬರೆದುಕೊಟ್ಟರೆ ಅದು ಅಲ್ಲೇ ಇರುತ್ತೆ. ಮುಂದಿನ ಬುಧವಾರ ಅದೇ ಲ್ಯಾಬಿನಲ್ಲಿ ಫೈನಲ್. ಸುಕನ್ಯ ಮತ್ತೆ ಫೇಲಾಗುತ್ತಾಳೆ.

ಕನಕರಾಜಣ್ಣ ನಿನ್ನೆ ಸಂಜೆ ಹಾಸ್ಟೆಲ್ ಗೇಟಿನ ಹತ್ತಿರ ಬಂದಿದ್ದರು. "ಆಕಿದ್ದು ನಾನೇ ಕಣವ್ವ. ನನ್ನೆಸ್ರು ಏಳ್ಬುಡು, ನೀನ್ ಓದೋ ಮಗ" ಅಂದರು. ಅವರದು ವರ್ಷ ವರ್ಷ ಮುಂದುವರಿಸುವ ಕೆಲಸ, ಇಬ್ಬರು ಮಕ್ಕಳು. ಹೆಸರು ಹೇಳುವುದಿಲ್ಲ ಅಂದೆ. ಯಾರು ಹಾಕಿದರು ಅನ್ನುವುದು ನನಗೆ ಬೇಕಿಲ್ಲ, ಎಲ್ಲಿ ಇರಬೇಕು ಅನ್ನುವುದಷ್ಟೇ ಬೇಕು. ವಿಚಾರಣೆಯಲ್ಲೂ ಇಷ್ಟೇ ಹೇಳುತ್ತೇನೆ: ಗಡಿಯಾರ ಹಿಡಿದುಕೊಂಡು ಎಲ್ಲರೂ ಲ್ಯಾಬಿಗೆ ಬನ್ನಿ, ಎರಡೂ ಕಡೆ ಹಾಕಿ ತೋರಿಸುತ್ತೇನೆ.

ಊರಲ್ಲಿರುವ ಅಪ್ಪನಿಗೆ ಕಾಲೇಜಿಂದ ಫೋನ್ ಹೋಗಿದೆ. ಅಪ್ಪ ನನಗೆ ಮಾಡಿ, "ದೊಡ್ಡೋರು ಕನವ್ವ, ಕಾಲ್ ಮುಟ್ಬುಡು, ನಾನೂ ಬತ್ತೀನಿ" ಅಂದರು. ಅಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಆರನೇ ಕ್ಲಾಸಿಂದ ಹಾಸ್ಟೆಲ್‌ಗಳಲ್ಲಿ ಬೆಳೆದಿದ್ದೇನೆ, ವಾರ್ಡನ್ನಿಂದ ಹಿಡಿದು ಅಡುಗೆಯವರ ತನಕ ಮಾಡದ ತಪ್ಪಿಗೂ ಸಾರಿ ಹೇಳಿ ಹೇಳಿ ಸಾಕಾಗಿದೆ. ಈ ಸಲ ಹೇಳುವುದಿಲ್ಲ. ಹೆದರಿಕೆ ಇದೆ, ಆದರೂ ಹೇಳುವುದಿಲ್ಲ.

ಜೊತೆಯಲ್ಲಿ ಕಾಫಿ ಹಣ್ಣು ಬಿಡಿಸುವ ಅತ್ತೆಯರಿಗೆಲ್ಲ ನಾನು ಕೇಳಿದೆ ಅನ್ನು. ಆನೆ ಬಂದಿದೆ ಅಂದ ದಿನ ತೋಟಕ್ಕೆ ಇಳಿಯಬೇಡ. ಹೊಟ್ಟೆ ತುಂಬ ಉಣ್ಣು.

ನಿನ್ನ ಮಗಳು,
ಸಂಘಮಿತ್ರ

ಮರೆತೆ: ವಿಚಾರಣೆ ಸೋಮವಾರ ಹನ್ನೊಂದು ಗಂಟೆಗೆ. ಅಪ್ಪ ಬರುವುದು ಬೇಡ, ನೀನು ಬಾ. ತಾಯಿ ಬರುತ್ತಾರೆ ಅಂತ ಪ್ರಿನ್ಸಿಪಾಲರಿಗೆ ಆಗಲೇ ಹೇಳಿಬಿಟ್ಟಿದ್ದೇನೆ. ದೇವರಾಜಣ್ಣ ಭಾನುವಾರ ವಾಪಸ್ ಬರುವಾಗ ಕರೆದುಕೊಂಡು ಬರುತ್ತಾರೆ. ಅಲ್ಲಿ ನೀನು ಯಾರಿಗೂ ಕೈ ಮುಗಿಯಬಾರದು, ನನ್ನ ಪಕ್ಕ ಕೂತಿದ್ದರೆ ಸಾಕು. ಈ ಕೊನೇ ಹಾಳೆ (ಕೇಬಲ್ ಹಾಕಿದವರ ಹೆಸರು ಇದರಲ್ಲಿಲ್ಲ) ತಿರುಗಿಸಿ ನೋಡು, ಹಿಂದೆ ಟೈಪ್ ಮಾಡಿರುವುದೇ ಅವರು ಕೊಟ್ಟ ಕ್ಷಮಾಪಣೆ ಪತ್ರ. ಕೆಳಗೆ ನನಗೊಂದು, ಅಪ್ಪನಿಗೊಂದು ಜಾಗ ಬಿಟ್ಟಿದ್ದಾರೆ. ಸೋಮವಾರ ಅದನ್ನು ಕೇಳುತ್ತಾರೆ. ಬರುವಾಗ ತಗೊಂಡು ಬಾ, ನಾನು ಬರೆದಿರುವ ಈ ಬದಿ ಮೇಲೆ ಮಾಡಿ ಟೇಬಲ್ ಮೇಲೆ ಇಡೋಣ.