ಕಾರ್ತಿಕಾಳ ಕವರಿನಲ್ಲಿ ನನ್ನ ಉಗುರು

ಕಾರ್ತಿಕಾ,

ನೀನು ಷಿಫ್ಟ್ ಮುಗಿಸಿ ಬರುವಾಗ ನಾನೂ ಅಮ್ಮನೂ ಮನೆಯಲ್ಲಿರುವುದಿಲ್ಲ. ಸಾಂಬಾರು ಒಲೆಯ ಮೇಲಿದೆ, ಬಿಸಿ ಮಾಡಿಕೊಂಡು ಉಣ್ಣು. ನಮಗಾಗಿ ಕಾಯಬೇಡ.

ಊಟದಲ್ಲಿ ಸಿಗುವ ಸತು, ತಾಮ್ರಕ್ಕೂ ಸ್ತನ ಕ್ಯಾನ್ಸರಿಗೂ ನಂಟಿದೆಯೇ ಎಂದು ನೋಡಲು ಆಸ್ಪತ್ರೆಯವರು ನಿನ್ನ ಉಗುರು ಕೇಳಿದ್ದರಲ್ಲ? ನೀನು ಕತ್ತರಿಸಿ ಕವರಿನಲ್ಲಿಟ್ಟು ಹೋದದ್ದನ್ನು ಅಮ್ಮ ತೆಗೆದು, ನನ್ನದನ್ನು ತುಂಬಿ ಕೊಟ್ಟುಬಿಟ್ಟಿದ್ದಾಳೆ. ಮನೆಯ ಸೊಸೆಯ ಉಗುರು ಕಂಡವರ ಕೈ ಸೇರಿದರೆ ಮಾಟ ಮಾಡಿಸುತ್ತಾರೆ ಎಂಬ ಭಯವಂತೆ. ಕುರಿಚಿಯ ಫೌಂಡ್ರಿಯಲ್ಲಿ ದಿನವೂ ತಾಮ್ರ, ಸತು ಕರಗಿಸಿ ಹಿತ್ತಾಳೆ ಎರೆಯುವವನ ಉಗುರು! ನೀನು ಚೊಂಬನ್ನೇ ಕಡಿದು ತಿನ್ನುತ್ತೀಯ ಅಂದುಕೊಳ್ಳುತ್ತಾರೆ ಅವರು.

ನಾನು ಸ್ವಲ್ಪ ಜೋರಾಗಿಯೇ ಬೈದೆ. ಆಸ್ಪತ್ರೆಯವರು ಇದನ್ನು ನಂಬಿ ಬೇರೆ ಹೆಂಗಸರಿಗೆ ತಪ್ಪು ಹೇಳಿದರೆ ಏನು ಗತಿ ಅಂದೆ. ಆಮೇಲೆ ಅವಳು ಕಾಫಿಯನ್ನೂ ಮುಟ್ಟಲಿಲ್ಲ. ಸೆರಗಿನಲ್ಲಿ ಮುಖ ಮುಚ್ಚಿಕೊಂಡು, "ಕಾರ್ತಿಕಾಗೆ ಎಂಗೆ ಮೊಗ ತೋರ್ಸಲಿ?" ಅಂತ ಅದನ್ನೇ ಹೇಳುತ್ತಿದ್ದಳು. ಈಗ ಆಸ್ಪತ್ರೆಗೆ ಹೋಗಿ ತಾನೇ ಹೇಳುತ್ತೇನೆಂದು ಚಪ್ಪಲಿ ಹಾಕಿಕೊಂಡು ನಿಂತಿದ್ದಾಳೆ.

ಅವಳು ಬಂದ ಮೇಲೆ ಏನೂ ಕೇಳಬೇಡ. ನಗಲೂಬೇಡ. ಕಾಫಿ ಮಾಡಿ ಕೊಡು.

ನಿನ್ನ ಉಗುರನ್ನು ಅವಳು ಬಿಸಾಡಿರಲಿಲ್ಲ. ಅರಿಶಿನದ ಬಟ್ಟೆಯಲ್ಲಿ ಕಟ್ಟಿ, ತೀರಿಹೋದ ಅಕ್ಕನ ಫೋಟೋದ ಹಿಂದೆ ಇಟ್ಟಿದ್ದಳು. ಯಾಕಮ್ಮಾ ಅಂದರೆ ಹೇಳಿದ್ದು ಇಷ್ಟೇ: "ಇದೇ ಕಾಯಿಲೆ ನಿಮ್ಮಕ್ಕನ್ನ ಹೊತ್ಕೊಂಡೋಯ್ತಲ್ಲ ಸಾಮಿ. ಇವಳ ಒಂದುಗುರೂ ಆಚೆ ಬುಡಕ್ಕೆ ಮನಸು ಬರ್ಲಿಲ್ಲ."

ಕುಮರೇಶನ್