ಮೋಟರಿಲ್ಲದೆ ಹೊಳೆದ ಗುಳ್ಳೆಗಳು

ದಂಡಿಗನಹಳ್ಳಿ
೮ ಅಕ್ಟೋಬರ್ ೨೦೨೫

ಅನು,

ಹೇಗಿದ್ದೀಯ ಎಂದು ಕೇಳುವುದಿಲ್ಲ. ಫೋನ್ ಎತ್ತದಷ್ಟು ಚೆನ್ನಾಗಿದ್ದೀಯ ಎಂದು ಗೊತ್ತು. ಮೆಸೇಜಿಗೆ ನೀಲಿ ಗೆರೆ ಬರುತ್ತದೆ, ಉತ್ತರ ಬರುವುದಿಲ್ಲ. ಅದಕ್ಕೇ ಹೊಳೆನರಸೀಪುರದ ನಿಮ್ಮ ಮನೆಗೆ ಬರೆಯುತ್ತಿದ್ದೇನೆ. ಕಾಗದವನ್ನು ಬ್ಲಾಕ್ ಮಾಡಲಾಗುವುದಿಲ್ಲವಲ್ಲ.

ಸೋಮವಾರ ಹಾಸನದ ಲ್ಯಾಬಿನಲ್ಲಿ ಸರ್ ಕೇಳಿದ್ದು ಒಂದೇ ಪ್ರಶ್ನೆ: ಮೋಟರಿಟ್ಟ ಕಪಾಟಿನ ಕೀ ಯಾರ ಹತ್ತಿರ ಇರುತ್ತದೆ? ನನ್ನ ಹತ್ತಿರ. ಇರಲೇಬೇಕು, ವರ್ಷಗಟ್ಟಲೆ ತಿದ್ದಿ ತೀಡಿ ಆ ಅಣುವನ್ನು ಕಟ್ಟಿದವಳು ನಾನು. ಬೆಳಕು ಬಿದ್ದರೆ ಗಿರಗಿರ ತಿರುಗುವ, ತಾನೆಲ್ಲಿದ್ದೇನೆಂದು ಹೊಳೆದು ತೋರಿಸುವ, ಕಣ್ಣಿಗೆ ಕಾಣದ ಮೋಟರು. ಅದು ಕೂರಲು ಜೀವಕೋಶಕ್ಕಿರುವಂಥ ಪೊರೆ ಬೇಕು. ಕೊಬ್ಬಿನಿಂದ ಆ ಪುಟ್ಟ ಗುಳ್ಳೆಗಳನ್ನು ಮಾಡುವವಳು ನೀನು. ಒಂದು ಸಾಲು ಗುಳ್ಳೆಗೆ ಮೋಟರು ಹಾಕುತ್ತೇವೆ, ಇನ್ನೊಂದನ್ನು ಖಾಲಿ ಬಿಡುತ್ತೇವೆ. ಖಾಲಿಯದು ಕತ್ತಲಾಗಿರಬೇಕು. ಶನಿವಾರ ಅದೂ ಹೊಳೆಯಿತು.

ಅಂದರೆ ನಿನ್ನ ಕೆಲಸ ಕೆಡಿಸಲು ಯಾರೋ ಖಾಲಿಯದಕ್ಕೂ ಮೋಟರು ಸುರಿದಿದ್ದಾರೆ. ಸರ್ ಹಾಗೆ ತಿಳಿದರು. ನೀನು ಸುಮ್ಮನಿದ್ದೆ. ವಿಚಾರಣೆ ಮುಗಿಯುವವರೆಗೆ ಲ್ಯಾಬಿಗೆ ಬರಬೇಡ ಎಂದು ನನಗೆ ಹೇಳಿದರು. ತಪ್ಪು ನನ್ನದೆಂದು ಬರೆದರೆ ನನ್ನ ಪಿಎಚ್‌ಡಿ ಅಲ್ಲಿಗೆ ಮುಗಿಯಿತು. ಬೇರೆ ಯಾವ ಲ್ಯಾಬೂ ಬಾಗಿಲು ತೆರೆಯುವುದಿಲ್ಲ.

ಊರಿಗೆ ಬಂದು ಅವ್ವನಿಗೆ ಹೇಳಿದೆ. ಅವಳು, “ಮಾಡಿಲ್ದೋಳು ಯಾಕವ್ವ ಮೂಲೇಲಿ ಕೂತಿದ್ದೀ? ಇಂಗೇ ಕೂತ್ಕಂಡ್ರೆ ಇವ್ಳೇ ಮಾಡವ್ಳೆ ಅಂತಾರೆ. ಏಳು, ಅದೆಂಗಾಯ್ತು ನೋಡೋಗು” ಎಂದಳು.

ನೋಡಿದೆ. ಮೊದಲು ನಿನ್ನ ಮೇಲೆಯೇ ಸಂಶಯ ಬಂತು, ಆಮೇಲೆ ಸರ್ ಮೇಲೂ ಬಂತು, ಬಂದದ್ದನ್ನು ಇಲ್ಲವೆನ್ನಲಾರೆ. ಚನ್ನರಾಯಪಟ್ಟಣದ ಫ್ಯಾನ್ಸಿ ಅಂಗಡಿಯಲ್ಲಿ ಬಳೆ ಮಾರಿ ಓದಿದವಳು ನಾನು. ಗಿರಾಕಿಯ ಮುಖ ನೋಡುವುದಿಲ್ಲ, ಕೈ ನೋಡುತ್ತೇನೆ. ಫೋನಿನ ಫೋಟೋಗಳಲ್ಲಿ ಎಲ್ಲರ ಕೈ ನೋಡುತ್ತಾ ಹೋದೆ. ಆಯುಧಪೂಜೆಯದ್ದು ಸಿಕ್ಕಿತು. ಮೈಕ್ರೋಸ್ಕೋಪಿಗೆ, ಫ್ರಿಜ್ಜಿಗೆ, ತಕ್ಕಡಿಗೆ ಅರಿಶಿನ ಕುಂಕುಮ ಇಟ್ಟ ಮೇಲೂ ನಿನ್ನ ಭಕ್ತಿ ಮಿಕ್ಕಿದೆ. ಕೊಬ್ಬಿನ ದ್ರಾವಣದ ಬಾಟಲಿ ಮುಚ್ಚಳಕ್ಕೂ ಇಟ್ಟಿದ್ದೀಯ. ನಮ್ಮ ಮನೆಯಲ್ಲಿ ಬುದ್ಧವಂದನೆ, ಪೂಜೆಯಿಲ್ಲ. ಆದರೆ ಕಡಲೆಪುರಿಗೆ ಯಾವ ಧರ್ಮ ಎಂದು ಬಾಗಿಲಲ್ಲೇ ನಿಂತು ತಿಂದವಳೂ ನಾನೇ, ಆ ಫೋಟೋ ತೆಗೆದವಳೂ ನಾನೇ.

ತೆರೆಯುವಾಗ ಮುಚ್ಚಳದಿಂದ ಒಂದು ತೊಟ್ಟು ಒಳಗಿಳಿದರೆ ಸಾಕು. ಅರಿಶಿನ ಕೊಬ್ಬಿಗೆ ಅಂಟುತ್ತದೆ, ನೀಲಿ ಬೆಳಕಿಗೆ ಹೊಳೆಯುತ್ತದೆ. ಪಕ್ಕದ ಲ್ಯಾಬಿನ ದೀಪಶ್ರೀಗೆ ಹೇಳಿ ಮುಚ್ಚಳದ ಅಂಚನ್ನು ಹತ್ತಿಯಲ್ಲಿ ಒರೆಸಿ, ವಾಷಿಂಗ್ ಸೋಡಾದ ನೀರು ಹಾಕಿಸಿದೆ, ಅರಿಶಿನವಿದ್ದರೆ ಕೆಂಪಾಗಬೇಕು. ಆರತಿ ತಟ್ಟೆಯ ಓಕುಳಿಯಂತೆ ಕೆಂಪಗಾಯಿತಂತೆ. ಇನ್ನೂ ಒಂದಿದೆ. ಮೋಟರಿದ್ದ ಗುಳ್ಳೆ ಬೆಳಕು ಬಿದ್ದರೆ ಪೊರೆ ತೂತಾಗಿ ಸೋರುತ್ತದೆ. ಖಾಲಿಯದು ಹೊಳೆಯಿತೇ ಹೊರತು ಸೋರಲಿಲ್ಲ. ಬರೀ ಹೊಳೆದು ಕೆಲಸ ಮಾಡದೆ ಕೂರುವುದು ನನ್ನ ಮೋಟರಲ್ಲ, ಅನು.

ನೀನು ಬೇಕೆಂದೇ ಮಾಡಿದ್ದಲ್ಲ. ಅದಕ್ಕೇ ಸರ್‌ಗೆ ಇನ್ನೂ ತಿಳಿಸಿಲ್ಲ. ನೀನೇ ಹೇಳು. ನನ್ನ ಬಾಯಿಂದ ಬಂದರೆ, ಇವಳು ನಮ್ಮ ಪೂಜೆಯ ಮೇಲೆ ಬಿದ್ದಳು ಎನ್ನುತ್ತಾರೆ. ನಿನ್ನ ಬಾಯಿಂದ ಬಂದರೆ ಅದು ಬರೀ ಕೈತಪ್ಪು. ಸ್ವಲ್ಪ ಬೈಸಿಕೊಳ್ಳುತ್ತೀಯ, ಅಷ್ಟೆ. ಮುಂದಿನ ಸೋಮವಾರದವರೆಗೆ ಕಾಯುತ್ತೇನೆ.

ನಿನ್ನ ಗೆಳತಿಯೇ ಆದ
ಸಂಘಮಿತ್ರಾ

ಮತ್ತೆ: ಲಕೋಟೆ ಅಂಟಿಸುವಷ್ಟರಲ್ಲಿ ದೀಪಶ್ರೀ ಫೋನ್ ಮಾಡಿದಳು. “ಅಲ್ಲಾ ಕಣೇ, ಅರಿಶಿನ ಒಳೀತದಾ ಅಂತ ಭಾನ್ವಾರ ಅನೂನೂ ಕೇಳಿದ್ಲು. ಚೆನ್ನಾಗೇ ಒಳೀತದೆ ಅಂದಿದ್ದೆ. ನಿಮ್ಮಿಬ್ರಿಗೂ ಒಂದೇ ಡೌಟಾ?” ಎಂದು ನಕ್ಕಳು. ಭಾನುವಾರವೇ ನಿನಗೆ ಗೊತ್ತಾಗಿದೆ. ಸೋಮವಾರ ನಾನು ಊರ ಬಸ್ಸು ಹತ್ತಿದ್ದೇನೆ. ಇನ್ನು ಕಾಯುವುದಿಲ್ಲ. ನಾಳೆ ಬೆಳಗಿನ ಬಸ್ಸಿಗೇ ಹಾಸನಕ್ಕೆ ಹೊರಡುತ್ತೇನೆ. ಇದು ನಿನ್ನ ಕೈಸೇರುವಷ್ಟರಲ್ಲಿ ಸರ್ ಎಲ್ಲವನ್ನೂ ಕೇಳಿರುತ್ತಾರೆ. ಆದರೂ ಅಂಚೆಗೆ ಹಾಕುತ್ತಿದ್ದೇನೆ. ಸಹಿ ಹಾಕುವವರೆಗೂ ನಿನ್ನನ್ನು ನಂಬಿದ್ದೆ ಎಂಬುದು ನಿನಗೆ ಗೊತ್ತಿರಲಿ.